ಕೊಡಲಿ ಹಿಡಿದ ಕ್ರಿಸ್‌ಮಸ್ ತಾತ

ದೇವದಾಸ,

ನೀನಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಈ ಸಿನಿಮಾಕ್ಕೆ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಇವತ್ತು ಮಧ್ಯಾಹ್ನ ಮಗಳು ಸಂಗೀತಾ ಟೀವಿಯಲ್ಲಿ ಏನೋ ಹುಡುಕುವಾಗ ಆ ದರಿದ್ರದ್ದು ಕಣ್ಣಿಗೆ ಬಿತ್ತು. ಅದೇ, ಕ್ರಿಸ್‌ಮಸ್ ತಾತ ಕೊಡಲಿ ಹಿಡಿದು ಜನರನ್ನು ಕೊಲ್ಲುವ ದೆವ್ವದ ಸಿನಿಮಾ. ಸುದ್ದಗುಂಟೆಪಾಳ್ಯದ ನಮ್ಮ ವೀಡಿಯೊ ಕ್ಯಾಸೆಟ್ ಅಂಗಡಿಯಲ್ಲಿ ನೀನು ಅದನ್ನು ಬಂದವರ ಕೈಗೆಲ್ಲ ತುರುಕುತ್ತಿದ್ದೆ. "ಶುರು ಸ್ವಲ್ಪ ಡಲ್ಲು ಸಾರ್, ಕೊನೇಲಿ ಸಖತ್ತಾಗಿದೆ!" ಯಾರೂ ಕೇಳದ ಕ್ಯಾಸೆಟ್ಟಿಗೆಲ್ಲ ನಿನ್ನದು ಅದೇ ಮಾತು. ಒಂದು ಸಂಜೆ ಗಿರಾಕಿಗಳ ಎದುರಿಗೇ ನಾನು, "ಡಬ್ಬಾ ಸಿನಿಮಾ ಅದು. ಇವನ್ ಮಾತು ನಂಬಬೇಡಿ, ಸುಳ್ಳುಬುರುಕ" ಅಂದುಬಿಟ್ಟೆ. ಚಪ್ಪಲಿ ಮೆಟ್ಟಿಕೊಂಡು ಹೋದವನು ನೀನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಸಿನಿಮಾ ಅವತ್ತು ನಾನು ಹೇಳಿದಷ್ಟೇ ಕೆಟ್ಟದಾಗಿದೆ. ಕೊಡಲಿ ಎತ್ತಿದಾಗಲೆಲ್ಲ ತಾತನ ಗಡ್ಡ ಜಾರುತ್ತದೆ. ಹೆದರಿಕೆ ಹೋಗಲಿ, ಆಕಳಿಕೆ ಬಂತು.

"ಆಫ್ ಮಾಡ್ಲಾ? ಏನಿದೆ ಅಂತ ನೋಡ್ತಿದ್ದೀರಪ್ಪಾ ಇದನ್ನ?" ಅಂದಳು ಸಂಗೀತಾ.

"ಸುಮ್ನೆ ಕೂತ್ಕೊಳೇ. ಕೊನೇಲಿ ಸಖತ್ತಾಗಿದೆ" ಅಂದೆ.

ಕೊನೆಯಲ್ಲಿ ಏನೂ ಇರಲಿಲ್ಲ ಕಣೋ. ತೆರೆಯ ಮೇಲೆ ಹೆಸರುಗಳೆಲ್ಲ ಹೋಗುವ ತನಕ ಕೂತು ನೋಡಿದೆ.

ಹೋದ ತಿಂಗಳು ನಿನ್ನ ಹೆಂಡತಿ ಕಲ್ಯಾಣಿ ಫೋನ್ ಮಾಡಿ, "ಮಣ್ಣು ಮಾಡೋಕ್ ಮುಂಚೆ ಒಂದ್ಸಲ ಮುಖ ನೋಡ್ಕೊಂಡ್ ಹೋಗಣ್ಣ" ಎಂದು ಅತ್ತಳು. ಮಂಡಿ ನೋವು, ಆಗಲ್ಲಮ್ಮ ಎಂದೆ. ನೋವಿದ್ದದ್ದು ನಿಜ. ನಿಮ್ಮ ಮನೆಯಿರುವ ಅರೆಕೆರೆ ಅಷ್ಟೇನೂ ದೂರವಿಲ್ಲ ಎನ್ನುವುದೂ ನಿಜ.

ಕೊಟ್ರಪ್ಪ