ನಾನು ಕೇಳದ ಇಪ್ಪತ್ತೆರಡು ಪ್ರಶ್ನೆಗಳು

ಮಾರ್ಚ್ ೯, ಭಾನುವಾರ, ಮಧ್ಯಾಹ್ನ ಎರಡೂ ಕಾಲು.
ಮನೆಯಿಂದ. ನಿಮ್ಮ ಜೀಪು ನಾಲ್ಕಕ್ಕೆ ಹೊರಡುತ್ತದೆ. ಈ ಕಾಗದ ಅದರಲ್ಲೇ ಬರುತ್ತದೆ.

ಪ್ರೀತಿಯ ಮೆಣಸೂ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಧೂಳಿಗೆ ಮೂಗು ಕಟ್ಟುತ್ತದೆ ಎಂದಿದ್ದೆಯಲ್ಲ, ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲ ನನ್ನ ಮಾತಿಗೆ ಹೂಂಗುಟ್ಟಿ ಮರೆತೆಯೋ? ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಹಾಗೇ ಇದೆ, ಬಾಯಿ ಮೊದಲಿಗಿಂತ ಚುರುಕಾಗಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಕೂತು ಎರಡು ಸಲ ಎದ್ದು ಹೋದೆ. ಒಂದು ಸಲ ಒಲೆ ಆರಿಸಿದ್ದೇನೆಯೇ ಎಂದು ನೋಡಲು, ಇನ್ನೊಂದು ಸಲ ಏಕೆಂದು ನನಗೇ ಗೊತ್ತಿಲ್ಲ.

ನಿಮ್ಮ ಜೀಪಿನ ಡ್ರೈವರ್ ಮಾವ ಹೊರಗಿನ ಕೋಣೆಯಲ್ಲಿ ಕೂತಿದ್ದಾರೆ. ದುರಸ್ತಿಗೆ ಕೊಟ್ಟಿದ್ದ ನಿಮ್ಮ ಸರ್ವೆ ಅಳತೆಯ ಯಂತ್ರವನ್ನು ತೆಗೆದುಕೊಂಡು ಹೋಗಲು ಬಂದವರು, ನೀನು ಕಳಿಸಿದ ಬಟ್ಟೆಯ ಚೀಲ ಕೊಡಲು ಇಲ್ಲಿಗೂ ಬಂದರು. ಚಹಾ ಕೊಟ್ಟು, ಹೇಗಿದ್ದಾಳೆ ನಮ್ಮವಳು ಎಂದು ಕೇಳಿದೆ, ಅಷ್ಟೆ. “ಹೇಗಿರ್ತಾರಮ್ಮ, ಬೆಳಿಗ್ಗೆ ಆರಕ್ಕೆ ಬಯಲಿಗೆ ಇಳಿದ್ರೆ ಮತ್ತೆ ಸಂಜೆಗೇ ಜೀಪು ಹತ್ತೋದು” ಎಂದರು. ಅವಳನ್ನು ಆಫೀಸಿಗೆ ಹಾಕಿದ್ದಾರಲ್ಲ ಎಂದೆ. ನಕ್ಕುಬಿಟ್ಟರು. “ಎರಡೇ ವಾರ! ಮೇಜಿನ ಮುಂದೆ ಕೂತ್ರೆ ತುಕ್ಕು ಹಿಡೀತೀನಿ ಅಂತ ಅವರೇ ಕೇಳ್ಕೊಂಡು ವಾಪಸ್ ಬಂದ್ರು. ಟೋಪಿ ಹಾಕ್ಕೊಳ್ಳಿ ಅಂದ್ರೆ ಅಂಚು ಯಂತ್ರಕ್ಕೆ ತಾಗುತ್ತೆ ಅಂತಾರೆ. ಈಗ ಕನ್ನಡಕ ತೆಗೆದ್ರೆ ಕಣ್ಣಿನ ಸುತ್ತ ಮಾತ್ರ ಬಿಳಿ, ಥೇಟ್ ಗೂಬೆ.” ಅಮ್ಮ ನಗುತ್ತಲೇ ಇದ್ದಳು. ಹೋದ ತಿಂಗಳು ಜ್ವರ ಬಂದು ತುಟಿಯ ಮೇಲೆ ಗುಳ್ಳೆ ಎದ್ದಿದ್ದನ್ನೂ ಅವರೇ ಹೇಳಿದರು. “ಅವಳಿಗೆ ಮೊದಲಿಂದ್ಲೂ ಅದೇ ಕಣಪ್ಪ, ಪರೀಕ್ಷೆ ಬಂತು ಅಂದ್ರೆ ತುಟೀಲಿ ಗುಳ್ಳೆ” ಎಂದಳು ಅಮ್ಮ. ನಾನು ಲೋಟ ಅಲ್ಲೇ ಇಟ್ಟು ಕಾಗದ ಪೆನ್ನು ತರಲು ಒಳಗೆ ಹೋದೆ.

ಏಕೆಂದು ಹೇಳುತ್ತೇನೆ. ನಮ್ಮ ಚರ್ಮದ ಕ್ಲಿನಿಕ್ಕಿನಲ್ಲಿ ನನ್ನದು ಪ್ರಶ್ನೆ ಕೇಳುವ ಕುರ್ಚಿ ಎಂದು ನಿನಗೆ ಗೊತ್ತು. ಹನ್ನೊಂದು ವರ್ಷದಿಂದ, ಲೇಸರಿಗೆ ಬಂದವರು ಯಾರೇ ಆಗಲಿ, ಎದುರಿಗೆ ಕೂರಿಸಿಕೊಂಡು ಇಪ್ಪತ್ತೆರಡು ಪ್ರಶ್ನೆಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದುತ್ತೇನೆ. ಅವರು ಉತ್ತರ ಹೇಳಿದ ಮೇಲೆಯೇ ಪೆನ್ನು ಕಾಗದಕ್ಕೆ ತಾಗುವುದು. ಅವಸರದವರು ರೇಗುತ್ತಾರೆ. ಒಬ್ಬ ವಕೀಲರು, “ಏನಮ್ಮ, ಕಟಕಟೇಲಿ ನಿಲ್ಸಿದೀಯಾ ನನ್ನ?” ಎಂದಿದ್ದರು. ನಾನು ಜಗ್ಗಲಿಲ್ಲ. ಆದರೆ ನಿನ್ನ ಫಾರಂ ಬಂದಾಗ ಊಟದ ಹೊತ್ತು. ಈ ಬರುವ ಶನಿವಾರದ್ದು ಒಂದೇ ಜಾಗ ಉಳಿದಿತ್ತು, ನಿನಗೆ ರಜೆ ಸಿಕ್ಕಿದ್ದೂ ಆ ವಾರಕ್ಕೇ. ನನ್ನ ತಂಗಿಯ ಬಗ್ಗೆ ಯಾರನ್ನು ಏನು ಕೇಳಲಿ ಎನಿಸಿತು. ಎರಡು ನಿಮಿಷದಲ್ಲಿ ತುಂಬಿಸಿ ಫೈಲಿಗೆ ಸೇರಿಸಿದೆ. ಬಿಸಿಲಿನ ಕೆಲಸವೇ? ಇಲ್ಲ, ಆಫೀಸು. ತುಟಿಯ ಮೇಲೆ ಗುಳ್ಳೆ ಏಳುವುದುಂಟೇ? ಇಲ್ಲ. ಮೆಣಸೂ, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ಗುಳ್ಳೆ ಎದ್ದಾಗ ನಿನ್ನ ಲೋಟ ಬೇರೆ ಇಡುತ್ತಿದ್ದವಳು ನಾನೇ. ಆ ‘ಇಲ್ಲ’ ಬರೆಯುವಾಗ ನನ್ನ ಕೈ ತಡೆಯಲೇ ಇಲ್ಲ. ನೀನು ಸುಳ್ಳು ಹೇಳಿದೆ ಎನ್ನುತ್ತಿಲ್ಲ. ಆಫೀಸಿಗೆ ಹಾಕಿದ್ದಾರೆ ಎಂದು ಜನವರಿಯಲ್ಲಿ ನೀನು ಹೇಳಿದ್ದು ಜನವರಿಗೆ ನಿಜ. ಆಮೇಲೆ ನಾನು ಕೇಳಲಿಲ್ಲ.

ಆದ್ದರಿಂದ ಈಗ ಎಲ್ಲವನ್ನೂ ಬರೆಯುತ್ತೇನೆ. ಫೋನಿನಲ್ಲಿ ನೀನು “ಆಯ್ತು ಬಿಡಕ್ಕ, ನಿಮ್ಮ ಡಾಕ್ಟರಮ್ಮ ಇದ್ದಾರಲ್ಲ” ಎಂದು ಮಾತು ಮುಗಿಸಿಬಿಡುತ್ತೀಯ. ಲೇಸರು ಎಂದರೆ ಮಾಯದ ದೀಪವಲ್ಲ. ನಿನಗೆ ಮಾಡಬೇಕೆಂದಿರುವ ಬಗೆಯಲ್ಲಿ ಅದು ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗಾಯ ಮಾಡುತ್ತದೆ. ಆ ಗಾಯ ಮಾಯುತ್ತ ಹೊಸ ಚರ್ಮ ಬರುತ್ತದೆ. ನಾವು ಕೊಳ್ಳುವುದು ಗಾಯವನ್ನು. ಮಾಯಿಸುವ ಕೆಲಸ ನಮ್ಮದೇ ಮೈಯದು. ಮೊದಲ ದಿನ ಮುಖ ಉರಿಯುತ್ತದೆ. ಎರಡು ಮೂರನೆಯ ದಿನ ಊದಿಕೊಂಡು, ಒಸರಿ, ಕನ್ನಡಿಯಲ್ಲಿ ಬೇರೆ ಯಾರೋ ಕಂಡ ಹಾಗಿರುತ್ತದೆ. ಒಬ್ಬ ದರ್ಜಿ ಹೆಂಗಸು ಮೂರನೆಯ ದಿನ ಸೆರಗು ಮುಚ್ಚಿಕೊಂಡು ಬಂದು, “ಇದ್ದ ಮುಖಾನೂ ಕಳ್ಕೊಂಡ್ನಲ್ಲಮ್ಮ” ಎಂದು ಅತ್ತಿದ್ದಳು. ಅದು ಹಾಗೇ ಆಗುತ್ತದೆ ಎಂದು ಅವಳಿಗೆ ಹೇಳಿದ್ದೆವು, ಆದರೆ ಹೇಳಿದ್ದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಆಮೇಲೆ ಹೊಟ್ಟು ಏಳುತ್ತದೆ. ಅದನ್ನು ಕೀಳಬಾರದು. ನೀನು ಉಗುರು ಸುಮ್ಮನಿಡುವವಳಲ್ಲ, ಗೊತ್ತು. ಜ್ವರ ಬಂದರೆ, ಕೀವು ಕಂಡರೆ, ನೋವು ಇಳಿಯುವ ಬದಲು ಏರಿದರೆ ಅವತ್ತೇ ಬಂದು ತೋರಿಸಬೇಕು. ಕೆಂಪು ವಾರಗಟ್ಟಲೆ ಉಳಿಯಬಹುದು. ಇಷ್ಟೆಲ್ಲ ಆದ ಮೇಲೂ ಮೊಡವೆಯ ಕುಳಿಗಳು ಅಳಿಸಿಹೋಗುವುದಿಲ್ಲ, ಕಡಿಮೆಯಾಗುತ್ತವೆ. ಎಷ್ಟು ಎಂದು ಯಾರೂ ಮೊದಲೇ ಹೇಳಲಾರರು. ಒಂದೇ ಸಲಕ್ಕೆ ಮುಗಿಯುವುದೂ ಅಪರೂಪ.

ಇದು ಎಲ್ಲರ ಮಾತು. ಇನ್ನು ನಿನ್ನದು. ನಮ್ಮ ಬಣ್ಣದ ಚರ್ಮ ಗಾಯವನ್ನು ಸುಲಭವಾಗಿ ಮರೆಯುವುದಿಲ್ಲ, ಕಪ್ಪಾಗಿ ನೆನಪಿಟ್ಟುಕೊಳ್ಳುತ್ತದೆ. ಬಿಸಿಲಿಗೆ ಸುಟ್ಟ ಚರ್ಮವಂತೂ ಇನ್ನೂ ಹೆಚ್ಚು. ಅದಕ್ಕೇ ಡಾಕ್ಟರಮ್ಮ ಬಿಸಿಲಿನಲ್ಲಿ ದುಡಿಯುವವರನ್ನು ಮೊದಲು ಕೆಲವು ವಾರ ನೆರಳಿನಲ್ಲಿರಿ ಎಂದು ವಾಪಸು ಕಳಿಸುತ್ತಾರೆ. ಆಮೇಲೆ ಕಿವಿಯ ಮುಂದೆ ಒಂದು ಚೂರು ಜಾಗದಲ್ಲಿ ಮಾಡಿ ನೋಡಿ ಕಾಯುತ್ತಾರೆ. ನಿನ್ನ ಫಾರಂ ನೋಡಿ ಅದೂ ಬೇಡವೆಂದರು. ಒಬ್ಬ ಬಸ್ ಕಂಡಕ್ಟರಮ್ಮ ಲೇಸರಾದ ಒಂಬತ್ತನೆಯ ದಿನ ಡ್ಯೂಟಿಗೆ ಹೋದಳು. ಕೆನ್ನೆಯ ಮೇಲೆ ಎದ್ದ ಕಪ್ಪು ಎಂಟು ತಿಂಗಳು ಹೋಗಲಿಲ್ಲ. ನೀನು ರಜೆ ಮುಗಿಸಿ ಹನ್ನೊಂದನೆಯ ದಿನ ಬಯಲಿನಲ್ಲಿರುತ್ತೀಯ, ಟೋಪಿ ಇಲ್ಲದೆ. ಗುಳ್ಳೆಯ ವಿಷಯ ಇನ್ನೂ ಮುಖ್ಯ. ಅದರ ಬೀಜ ಮೈಯಲ್ಲೇ ಮಲಗಿರುತ್ತದೆ; ಲೇಸರಿನ ಕಾವಿಗೆ ಎಚ್ಚರವಾದರೆ ತುಟಿಯಲ್ಲಿ ನಿಲ್ಲದೆ ಹಸಿ ಮುಖದ ತುಂಬ ಹರಡಬಹುದು, ಹೊಸ ಕಲೆಯನ್ನೇ ಬಿಟ್ಟುಹೋಗಬಹುದು. ಮುಂಚೆಯೇ ಗೊತ್ತಿದ್ದರೆ ಅದಕ್ಕೆ ಮಾತ್ರೆ ಶುರುಮಾಡುತ್ತಾರೆ. ಗೊತ್ತಿರಬೇಕು, ಅಷ್ಟೆ. ನಿನ್ನ ಫೈಲಿನಲ್ಲಿ ಗೊತ್ತಾಗುವ ದಾರಿಯನ್ನೇ ನಾನು ಮುಚ್ಚಿಟ್ಟಿದ್ದೇನೆ.

ಡ್ರೈವರ್ ಮಾವ ಕೆಮ್ಮಿದರು. ಗಡಿಯಾರ ನೋಡಿದೆ, ಮೂರೂ ಇಪ್ಪತ್ತು. ಅವರು ಕೆಮ್ಮಿದ್ದು ಸುಮ್ಮನೆ ಇರಬೇಕು.

ನಿನಗೆ ಇದು ಏಕೆ ಬೇಕು ಎಂದು ನಾನು ಒಂದು ದಿನವೂ ಮರೆತಿಲ್ಲ. ನಿಮ್ಮ ಇಲಾಖೆಯ ಪುಸ್ತಿಕೆಯಲ್ಲಿ ನಿನ್ನ ಫೋಟೋ ಹಾಕಿ, ಯಾರೋ ಕಂಪ್ಯೂಟರಿನಲ್ಲಿ ಕೆನ್ನೆಯನ್ನು ಮೊಟ್ಟೆಯ ಹಾಗೆ ನುಣ್ಣಗೆ ಮಾಡಿದರಲ್ಲ. ಆ ಪುಟ ಹರಿದು ತಂದು ನನ್ನ ಮುಂದೆ ಇಟ್ಟೆ. “ಇದು ನಾನಲ್ಲ ಅಂತ ಒಬ್ಬರಿಗೂ ಅನಿಸಲಿಲ್ಲ ಅಕ್ಕ. ಎಲ್ಲರೂ ಚೆನ್ನಾಗಿ ಬಂದಿದೆ ಅಂದ್ರು” ಎಂದೆ. ನೀನು ಅಳುತ್ತೀಯ ಎಂದುಕೊಂಡೆ, ಅಳಲಿಲ್ಲ. “ಒಂದು ಸಲ ಹೀಗೆ ಇದ್ದು ನೋಡ್ಬೇಕು” ಎಂದೆ ನೀನು. ಹದಿನಾರನೆಯ ವಯಸ್ಸಿನಿಂದ ಫೋಟೋದಲ್ಲಿ ಎಡಕ್ಕೇ ತಿರುಗಿ ನಿಲ್ಲುವವಳು ನೀನು. ಈ ರಜೆಗಾಗಿ ಮೂರು ವರ್ಷ ಕಾದಿದ್ದೀಯ. ಈಗ ನಾನು ಅಡ್ಡ ಬಂದರೆ, ಮಳೆ ಹಿಡಿದು ಬಯಲಿನ ಕೆಲಸ ನಿಲ್ಲುವ ತನಕ ಇನ್ನೊಂದು ರಜೆ ಇಲ್ಲ. ಅದೂ ಸಿಕ್ಕರೆ. ಬಿಸಿಲಿಲ್ಲದ ಆ ತಿಂಗಳುಗಳೇ ಇದಕ್ಕೆ ಒಳ್ಳೆಯವು ಎಂದು ನಾನು ಹೇಳಿದರೆ, ಅಕ್ಕ ತನ್ನ ತಪ್ಪಿಗೆ ಬಣ್ಣ ಬಳಿಯುತ್ತಿದ್ದಾಳೆ ಎನ್ನುತ್ತೀಯ. ಅನ್ನು. ಗುರುವಾರ ನೀನು ಫೋನು ಮಾಡುವ ಹೊತ್ತಿಗೆ ಸಿಟ್ಟು ಅರ್ಧವಾದರೂ ಇಳಿದಿರಲಿ ಎಂದೇ ಇದನ್ನು ಕಾಗದದಲ್ಲಿ ಬರೆದೆ.

ಶುಕ್ರವಾರ ಸಂಜೆ ನೀನು ಬರಲೇಬೇಕು. ಲೇಸರಿಗಲ್ಲ. ನನ್ನ ಎದುರಿಗೆ ಕೂರಬೇಕು, ಇಪ್ಪತ್ತೆರಡಕ್ಕೂ ನಿನ್ನ ಬಾಯಿಂದಲೇ ಉತ್ತರ ಬರಬೇಕು. ಯಾರದೋ ಮಾತು ಕೇಳಿ ಮೊಡವೆಗೆ ಮಾತ್ರೆ ನುಂಗಿದ್ದರೆ ಅದನ್ನೂ ಹೇಳಬೇಕು. ನಾನು ಬೈಯುವುದಿಲ್ಲ. ಬೈದರೂ ಆಮೇಲೆ ಬೈಯುತ್ತೇನೆ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಅಗಲ ಅಂಚಿನ ಒಂದು ಟೋಪಿ ಕಳಿಸಿದ್ದಾಳೆ. ಯಂತ್ರಕ್ಕೆ ತಾಗಿದರೆ ಯಂತ್ರವೇ ಸರಿದುಕೊಳ್ಳಲಿ ಎಂದಳು. ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಡ್ರೈವರ್ ಮಾವ ಎದ್ದು ನಿಂತಿದ್ದಾರೆ. ಫಾರಂ ತುಂಬಿದ್ದಷ್ಟೇ ಅಲ್ಲ, ಕೊನೆಗೆ ‘ಎಲ್ಲವನ್ನೂ ಓದಿ ತಿಳಿದಿದ್ದೇನೆ’ ಎಂಬಲ್ಲಿ ನಿನ್ನ ಸಹಿಯನ್ನೂ ನಾನೇ ಹಾಕಿದ್ದೇನೆ. ನಿನ್ನ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಕೊಡುತ್ತಿದ್ದ ಕೈ ಇದು, ಡಾಕ್ಟರಮ್ಮನಿಗೆ ಅನುಮಾನ ಬರಲಿಲ್ಲ. ಫಾರಂ ಬದಲಿಸಿಟ್ಟು ಸುಮ್ಮನಿರಬಹುದು, ಯಾರಿಗೂ ತಿಳಿಯುವುದಿಲ್ಲ, ಇದನ್ನೂ ಯೋಚಿಸಿದೆ. ಬೇಡ. ನಾಳೆ ಎಂಟೂವರೆಗೆ, ಮೊದಲ ರೋಗಿ ಬರುವ ಮುಂಚೆ, ಆ ಫಾರಂ ಹಿಡಿದು ಅವರ ಕೋಣೆಗೆ ಹೋಗುತ್ತೇನೆ. ಸಹಿ ಯಾರದೆಂದು ಹೇಳಿ ಶನಿವಾರದ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿಸುತ್ತೇನೆ. ಕುರ್ಚಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.