ಕುಶಲ ಎಂದವರು ಯಾರು?

ಬೇಲೆಕೇರಿ ಗೋಡೆಯೂರು,
ಫೆಬ್ರವರಿ ಮೂವತ್ತು, 2317

ತುಳಸಜ್ಜಿಯವರಿಗೆ ನಿಮ್ಮ ವಂಶದ ಹೊನ್ನಮ್ಮನ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಕಡಲಗೋಡೆಯ ರಿಪೇರಿಗೆ ದಿನ ಸಾಲದೆ ಫೆಬ್ರವರಿಗೆ ಎರಡು ದಿನ ಸೇರಿಸಿಕೊಂಡಿದ್ದೇವೆ. ನನಗೆ ಎಪ್ಪತ್ತೆರಡು, ಮುನ್ನೂರು ವರ್ಷ ಹಿಂದಿರುವ ನಿಮಗಿನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಆದರೂ ಅಜ್ಜಿ ಎನ್ನದೆ ಗತಿಯಿಲ್ಲ. ಶಾಲೆಯಲ್ಲಿ ಕಲಿತವಳಲ್ಲ ನಾನು, ಕೆಟ್ಟ ಯಂತ್ರ ಬಿಚ್ಚಿ ಕಲಿತವಳು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕಡಲು ಏರುವುದುಂಟು. ಅದಕ್ಕೆ ಕಳ್ಳನೀರು ಎನ್ನುತ್ತೇವೆ. ವರ್ಷಕ್ಕೆ ಮೂರೋ ನಾಲ್ಕೋ ಸಲ ಬರುತ್ತದೆ. ನಡುಗಡ್ಡೆಯ ಯಂತ್ರ ಅದನ್ನು ಮೊದಲು ಕಂಡು ಸುದ್ದಿ ಕಳಿಸಿದರೆ ನಮ್ಮ ಗೋಡೆಯ ಗಂಟೆ ಬಡಿದುಕೊಳ್ಳುತ್ತದೆ. ಬಂಡೆಯ ಮೇಲೆ ಚಿಪ್ಪಿ ಕೀಳುವವರು ಓಡಿ ಮೇಲೆ ಬರುತ್ತಾರೆ. ನನ್ನ ಸೊಸೆ ನಾಗುವೂ ಅವರಲ್ಲೊಬ್ಬಳು. ಆ ಸುದ್ದಿಗೆ ಇನ್ನೊಂದು ಲಕೋಟೆ ತೊಡಿಸಿ ಬೇರೆಯವರ ಜಾಲದೊಳಗಿಂದ ಹಾಯಿಸುತ್ತೇವೆ. ನೀವು ಇದನ್ನು ಸುರಂಗ ಎನ್ನುತ್ತಿದ್ದಿರಂತೆ, ನಾವೂ ಹಾಗೇ ಎನ್ನುತ್ತೇವೆ. ಅದರ ಎರಡು ತುದಿಗೂ ಮೈಯಿಲ್ಲದ ಸ್ವಿಚ್ಚು ಕಾವಲು: ಪೆಟ್ಟಿಗೆಯಲ್ಲ, ಬರೀ ಪ್ರೋಗ್ರಾಮು. ಸುರಂಗ ನೆಟ್ಟಗಿದೆಯೇ ಎಂದು ದಿನಾ ಬೆಳಿಗ್ಗೆ ನಾನೊಂದು ಕುಶಲಪೊಟ್ಟಣ ಕಳಿಸುತ್ತೇನೆ. ಅದರ ನೆತ್ತಿಯಲ್ಲಿ ಒಂದು ಗುರುತಿರುತ್ತದೆ. ಆಚೆ ತುದಿಯ ಸ್ವಿಚ್ಚು ಗುರುತು ನೋಡಿ, ಅದನ್ನು ಯಂತ್ರಕ್ಕೆ ದಾಟಿಸದೆ, ತಾನೇ "ಕುಶಲ" ಎಂದು ಮರಳಿಸಬೇಕು. ಹೋಗಿಬರಲು ಹಿಡಿದ ಹೊತ್ತು ಪರದೆಯಲ್ಲಿ ಮೂಡುತ್ತದೆ.

ಆ ಅಂಕಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಈ ಸಲ ಐವತ್ತು ದಿನ ಒಂದೇ ಅಂಕಿ ಬಂತು. ನನಗೆ ಅನ್ನ ರುಚಿಸಲಿಲ್ಲ. ದೋಣಿಯ ಗಣಪು ನಕ್ಕ: "ಸರಿ ಇದ್ರೂ ನಿಂಗೆ ತಲೆಬಿಸಿಯೇ ಮಾರಾಯ್ತಿ! ಗಂಡನ ಮೇಲೂ ಹಿಂಗೇ ಅನುಮಾನ ಪಡ್ತಿದ್ಯಾ?"

ಪಡುತ್ತಿದ್ದೆ, ಅದು ಬೇರೆ ಮಾತು. ನಡುಗಡ್ಡೆಗೆ ಹೋಗಿ ಒಂಬತ್ತು ಗಂಟೆಗೆ ಸರಿಯಾಗಿ ಸುರಂಗದ ವಯರು ಕಿತ್ತು ಹಾಕು ಎಂದು ಅವನನ್ನೇ ಅಟ್ಟಿದೆ. ಒಂಬತ್ತೂಕಾಲಿಗೆ ಪೊಟ್ಟಣ ಬಿಟ್ಟೆ. "ಕುಶಲ." ಅದೇ ಅಂಕಿ. ವಯರಿಲ್ಲದೆಯೂ ಕುಶಲವಾದರೆ ಗಂಟೆಯನ್ನು ನಂಬುವುದು ಹೇಗೆ? ಚಪ್ಪಲಿ ಮೆಟ್ಟದೆ ಬಂಡೆಗೆ ಓಡಿದೆ.

"ಗಂಟೆ ಬಾರಿಸ್ಲಿಲ್ಲ ಅಲ್ವ ಅತ್ತೆ? ಇನ್ನೊಂದು ಬುಟ್ಟಿ ತುಂಬ್ಸಿ ಬರ್ತೆ," ಎಂದಳು ನಾಗು. ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಅಂದು ನೀರು ಏರಲಿಲ್ಲ.

ಸಂಜೆ ಗಣಪು ನಗದೆ ಬಂದ. "ಕೀಳೂಕೆ ಎಂತ ಇತ್ತು ಅಲ್ಲಿ? ವಯರು ಯಾವಾಗ್ಲೋ ತುಂಡಾಗಿ ಬಿದ್ದದೆ."

ಪ್ರೋಗ್ರಾಮು ಬಿಚ್ಚಿ ಓದಿದೆ. ಈಚೆ ತುದಿಯ ಸ್ವಿಚ್ಚಿನಲ್ಲಿ ಒಂದು ಸಾಲಿದೆ: ಗುರುತಿನ ಪೊಟ್ಟಣಕ್ಕೆ ಆಚೆಯಿಂದ ಉತ್ತರ ತಡವಾದರೆ ಇಲ್ಲಿಂದಲೇ ಕುಶಲ ಎಂದುಬಿಡು. ಪಕ್ಕದಲ್ಲಿ "ಸದ್ಯಕ್ಕೆ" ಎಂಬ ಷರಾ, ಕೆಳಗೆ ನಿಮ್ಮ ಹೆಸರು. ಯಾರ ಬೈಗುಳ ತಪ್ಪಿಸಿಕೊಳ್ಳಲು ಬರೆದಿರಿ? ಇಲ್ಲ, ಯಾರಾದರೂ ಬರೆಸಿದರೇ? ನಿಮ್ಮನ್ನು ಬೈಯಲು ಮನಸ್ಸಿಲ್ಲ, ಪೂರಾ ನಂಬಲೂ ಆಗುತ್ತಿಲ್ಲ. ವಯರು ಹೊಸದು ಹಾಕಿದ್ದೇವೆ. ಆದರೆ ಕರಾವಳಿಯ ಹದಿನೇಳು ಸುರಂಗಗಳಲ್ಲೂ ಅದೇ ಸಾಲು ಕೂತಿದೆ. ಅಳಿಸಬೇಕಾದರೆ ಸ್ವಿಚ್ಚುಗಳನ್ನೆಲ್ಲ ನಿಲ್ಲಿಸಬೇಕು. ನಿಲ್ಲಿಸಿದರೆ ಮತ್ತೆ ಎದ್ದಾವೆಂಬ ಧೈರ್ಯ ಯಾರಿಗೂ ಇಲ್ಲ.

ನಾಗು ಈಗ ಬಂಡೆಗೆ ಇಳಿಯುವ ಮುಂಚೆ ಕೇಳುತ್ತಾಳೆ: "ಅತ್ತೆ, ಇವತ್ತು ಕುಶಲ ಅಂದದ್ದು ಯಾರು?"

ಅಜ್ಜೀ, ನೀವು ಇನ್ನೂ ಅದನ್ನು ಬರೆದ ಕುರ್ಚಿಯಲ್ಲೇ ಕೂತಿದ್ದರೆ, ದಯವಿಟ್ಟು ಆ ಸಾಲು ಅಳಿಸಿ. ಪೊಟ್ಟಣ ಕೊನೆಯವರೆಗೆ ಹೋಗಲಿ. ಉತ್ತರ ಬಾರದಿದ್ದರೆ ಬಾರದೇ ಇರಲಿ. ಆ ದಿನ ಹೆದರಿಕೊಂಡು ಮನೆಯಲ್ಲೇ ಕೂತಿರುತ್ತೇವೆ, ನಾಗುವೂ ಕೂತಿರುತ್ತಾಳೆ.

ನಿಮ್ಮ,
ಹೊನ್ನಮ್ಮ