ಕರಪತ್ರದ ಎರಡನೆಯ ಸಾಲು

ಆರೋಗ್ಯ ಪ್ರಚಾರ ವಿಭಾಗದ ಮುಖ್ಯಾಧಿಕಾರಿಗಳೇ,

ತಮ್ಮ ನೋಟಿಸು ತಲುಪಿದೆ. ವಾಂತಿಭೇದಿ ಕುರಿತ ಸರ್ಕಾರಿ ಕರಪತ್ರದ ಎರಡನೆಯ ಸಾಲನ್ನು ಅನುಮತಿಯಿಲ್ಲದೆ ಬದಲಿಸಿದ್ದೇಕೆ ಎಂದು ಏಳು ದಿನಗಳೊಳಗೆ ವಿವರಣೆ ಕೇಳಿದ್ದೀರಿ. ರೋಗ ಹಬ್ಬಿ ಇಪ್ಪತ್ತು ದಿನವಾದರೂ ನಮ್ಮ ಬೀದಿಗೆ ಒಬ್ಬರನ್ನೂ ಕಳಿಸದ ಕಚೇರಿಯಿಂದ ಇಷ್ಟು ಚುರುಕಾದ ಪತ್ರ ಬಂದದ್ದಕ್ಕೆ ಸಂತೋಷಪಡಬೇಕಿತ್ತು. ಏನೂ ಅನ್ನಿಸಲಿಲ್ಲ. ವಿವರಣೆಯನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಮೊದಲ ಕರಡಿಗೆ ಸಹಿ ಪಡೆಯಲು ತಮ್ಮ ಮೂರನೆಯ ಮಹಡಿಯ ಸಭಾಂಗಣಕ್ಕೆ ಬಂದಿದ್ದೆ. ಗೋಡೆಯ ಮೇಲೆ 'ಸಮುದಾಯದ ಸಹಭಾಗಿತ್ವ' ಎಂಬ ಬ್ಯಾನರ್ ಇತ್ತು. ಸಮುದಾಯದವರು ಯಾರೂ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ನನ್ನನ್ನು ಬೇಕಾದರೆ ಸೇರಿಸಿಕೊಳ್ಳಬಹುದು. ಎರಡನೆಯ ಸಾಲು ಹೀಗಿತ್ತು: 'ಶಂಕಿತ ಮೂಲಗಳ ಜಲಸೇವನೆಯನ್ನು ವರ್ಜಿಸತಕ್ಕದ್ದು, ಲಕ್ಷಣಗಳು ಕಂಡುಬಂದಲ್ಲಿ ಪುನರ್ಜಲೀಕರಣ ದ್ರಾವಣವನ್ನು ಬಳಸತಕ್ಕದ್ದು.' ಒಬ್ಬ ನರ್ಸ್ ಎದ್ದು, "ಸಾರ್, ಭೇದಿಯಾದ್ರೆ ನೀರು ನಿಲ್ಲಿಸಬೇಡಿ ಅಂತ ನೇರವಾಗಿ ಬರೆದುಬಿಡೋಣ," ಎಂದರು. ತಾವು ನಕ್ಕು, "ಸರ್ಕಾರಿ ಭಾಷೆಗೆ ಒಂದು ಘನತೆ ಬೇಡವೇನಮ್ಮಾ?" ಎಂದಿರಿ. ನರ್ಸ್ ಕುಳಿತರು. ನಾನು 'ವರ್ಜಿಸತಕ್ಕದ್ದು' ಪದದ ಒತ್ತಕ್ಷರ ಸರಿಪಡಿಸಿದೆ. ನಾನೂ ಬಾಯಿ ಬಿಡಲಿಲ್ಲ. ಅದನ್ನೂ ದಾಖಲಿಸಿಕೊಳ್ಳಿ.

ನಮ್ಮ ಮನೆಯಿಂದ ಎರಡು ಬೀದಿಯಾಚೆ ನನ್ನ ಅಕ್ಕನ ಮನೆ. ಬಟ್ಟೆ ಹೊಲಿಯುತ್ತಿದ್ದಳು, ಚೆನ್ನಾಗಿ ಓದುತ್ತಿದ್ದಳು. ಒಂದು ಬೆಳಿಗ್ಗೆ ಅವಳಿಗೆ ಭೇದಿ ಶುರುವಾಯಿತು. ಮನೆಮನೆಗೆ ಹಂಚಿದ್ದ ಆ ಕರಪತ್ರ ತೆಗೆದು ಭಾವನಿಗೆ ಓದಿ ಹೇಳಿ, ನೀರು ಮುಟ್ಟುವುದನ್ನೇ ಬಿಟ್ಟಳು. ಮರುದಿನ ಮಧ್ಯಾಹ್ನ ಸುದ್ದಿ ತಿಳಿದು ಓಡಿದೆ. ಭಾವ ಮಂಡಿಯೂರಿ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದ.

"ದ್ರಾವಣ ಬಳಸಿ ಅಂತ ಇದೆಯಲ್ಲ, ಮೂರು ಸಲ ಒರೆಸಿದೀನಿ," ಎಂದ.

ಅಕ್ಕನ ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. "ನೀರು ಯಾಕೆ ಕುಡೀಲಿಲ್ಲ?" ಎಂದು ಕೂಗಿದೆ.

"ಕುಡೀಬಾರದು ಅಂತ ಹಾಕಿದೀರಲ್ಲೋ," ಎಂದಳು. "ನೀನು ನೋಡಿ ಕೊಟ್ಟಿದ್ದು, ತಪ್ಪಿರಲ್ಲ ಅಂದ್ಕೊಂಡೆ."

ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಚಮಚದಲ್ಲಿ ನೀರು ಹಾಕಿದೆ. ಕಟಬಾಯಿಯಿಂದ ಹೊರಗೆ ಹರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, "ನೀರು ಕೊಡಬೇಡಿ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು. ಭಾವ ನನ್ನ ಕಡೆ ನೋಡಲಿಲ್ಲ. ಸಂಜೆಯೊಳಗೆ ಅಕ್ಕ ಹೋದಳು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ರಜೆ ಚೀಟಿ ಬರೆದೆ, ಅದರಲ್ಲೂ ಒಂದು ಕಾಗುಣಿತ ತಿದ್ದಿದೆ.

ಕೆಲಸಕ್ಕೆ ಮರಳಿದ ದಿನ ಮೇಜಿನ ಮೇಲೆ ಅದೇ ಕರಪತ್ರ ಕಾದಿತ್ತು: ಮರುಮುದ್ರಣ, ಹತ್ತು ಸಾವಿರ ಪ್ರತಿ, ಬದಲಾವಣೆ ಇಲ್ಲ. ಎರಡನೆಯ ಸಾಲು ಬದಲಿಸಬೇಕೆಂದು ತಮ್ಮ ಕಚೇರಿಗೆ ಫೋನ್ ಮಾಡಿದೆ. "ಮೇಲಿನವರು ಒಪ್ಪಿದ ಪಠ್ಯ ರೀ, ನಿಮಗ್ಯಾಕೆ ಉಸಾಬರಿ?" ಎಂದರು. ಎರಡನೆಯ ಸಾಲು ಹೊಡೆದುಹಾಕಿ ಹೀಗೆ ಬರೆದೆ: 'ನೀರು ಕುದಿಸಿ, ಆರಿಸಿ ಕುಡಿಯಿರಿ. ಭೇದಿಯಾದರೆ ನೀರು ನಿಲ್ಲಿಸಬೇಡಿ. ಆಸ್ಪತ್ರೆಯಲ್ಲಿ ಕೊಡುವ ಓಆರ್‌ಎಸ್ ಪುಡಿಯನ್ನು ಆ ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ. ತಡಮಾಡದೆ ಆಸ್ಪತ್ರೆಗೆ ಬನ್ನಿ.' ಅಚ್ಚಿಗೆ ಕಳಿಸುವ ಮುನ್ನ ನಲ್ಲಿಯ ಬಳಿ ನಿಂತಿದ್ದ ಹೆಂಗಸರಿಗೆ ಓದಿ, ಏನು ಅರ್ಥವಾಯಿತು ಹೇಳಿ ಎಂದೆ. ಸರಿಯಾಗಿ ಹೇಳಿದರು. ಹತ್ತು ನಿಮಿಷ ಹಿಡಿಯಿತು. ತಮ್ಮ ಸಭೆ ಎಷ್ಟು ಗಂಟೆ ನಡೆದಿತ್ತು, ಸ್ವಾಮಿ?

ಇದೇ ನನ್ನ ವಿವರಣೆ. ಪಶ್ಚಾತ್ತಾಪವಿದೆ, ಆದರೆ ತಾವು ಕೇಳಿದ ಬದಲಾವಣೆಯ ಬಗ್ಗೆ ಅಲ್ಲ. ಕ್ರಮ ಕೈಗೊಳ್ಳಿ, ಕೆಲಸದಿಂದ ತೆಗೆಸಿ. ಹಂಚಿಹೋದ ಪ್ರತಿಗಳನ್ನು ಹಿಂಪಡೆಯಲು ಹೊರಡಿಸಿರುವ ಆದೇಶವನ್ನು ಮಾತ್ರ ಇಂದೇ ರದ್ದು ಮಾಡಿ. ಮನೆಗಳಲ್ಲಿ ಜನ ಅವನ್ನು ಓದುತ್ತಿದ್ದಾರೆ.

ಇಂತಿ,
ತಮ್ಮ ಕೃಪೆಯಿಂದ ಸದ್ಯ ಮನೆಯಲ್ಲಿರುವ
ಕರಡು ತಿದ್ದುವವ